ಇನ್ನೂರ ಹದಿನಾಲ್ಕು ಸೊನ್ನೆಗಳು

ತಮ್ಮ ತನ್ನ ಎರಡು ಹಲ್ಲುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಆಫೀಸಿಗೆ ಬಂದ. ಇನ್ನೊಂದು ಕೈಯಲ್ಲಿ ಫಾರಂಗಳ ಕಟ್ಟಿತ್ತು. ಅದನ್ನು ಅಕ್ಕನ ಮೇಜಿನ ಮೇಲಿಟ್ಟು, "ಇನ್ನೂರ ಹದಿನಾಲ್ಕಿದೆ, ಎಣಿಸ್ಕೋ" ಅಂದ. ಕೆಳತುಟಿ ಸೀಳಿ ಊದಿಕೊಂಡಿದ್ದರಿಂದ ಮಾತು ತೊದಲುತ್ತಿತ್ತು. ಎಡಗಣ್ಣು ಪೂರ್ತಿ ಮುಚ್ಚಿಹೋಗಿತ್ತು, ಕಿವಿಯ ಹಿಂದೆ ರಕ್ತ ಒಣಗಿ ಕಪ್ಪಾಗಿತ್ತು. ಮೇಲಿನ ಎಂಟು ಹತ್ತು ಹಾಳೆಗಳ ಮೇಲೂ ಅದೇ ಕಲೆ.

ಅಕ್ಕನಿಗೆ ಆಫೀಸಿನವರು ಇಟ್ಟ ಹೆಸರು ಜರಡಿ. ಎದುರಿಗಿದ್ದರೆ ಜರಡಿಯಕ್ಕ, ಬೆನ್ನು ತಿರುಗಿಸಿದರೆ ಬರೀ ಜರಡಿ. ಅವರದು ಜನಾಭಿಪ್ರಾಯ ಕೇಳುವ ಸಂಸ್ಥೆ. ದೇಶದ ನೂರು ದೊಡ್ಡ ಕಂಪನಿಗಳ ಬಗ್ಗೆ ಜನರನ್ನು ಕೇಳಿ, ಯಾರ ಹೆಸರು ಎಷ್ಟು ಚೆನ್ನಾಗಿದೆ ಎಂದು ಒಂದರಿಂದ ನೂರರವರೆಗೆ ಪಟ್ಟಿ ಮಾಡಿ ವರ್ಷಕ್ಕೊಮ್ಮೆ ಪತ್ರಿಕೆಗಳಿಗೆ ಕೊಡುವುದು ಅದರ ದೊಡ್ಡ ಕೆಲಸ. ತಮ್ಮನಂಥವರು ಊರೂರು ಅಲೆದು, ಒಬ್ಬೊಬ್ಬರಿಗೂ ಇಪ್ಪತ್ತಮೂರು ಪ್ರಶ್ನೆ ಓದಿ ಹೇಳಿ, ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರೊಳಗೆ ಅವರು ಕೊಟ್ಟ ಅಂಕ ಬರೆದು ತರುತ್ತಾರೆ. ಬಂದದ್ದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಬೇರೆ ಮಾಡುವವಳು ಅಕ್ಕ. ಅವಳ ಜರಡಿ ದಾಟದೆ ಒಂದು ಹಾಳೆಯೂ ಲೆಕ್ಕಕ್ಕೆ ಬರುವುದಿಲ್ಲ.

ಇಪ್ಪತ್ತಮೂರು ಪ್ರಶ್ನೆಗೂ ಒಂದೇ ಅಂಕವಿದ್ದರೆ ಆ ಫಾರಂ ಜೊಳ್ಳು. ಈ ನಿಯಮ ಬರೆದವಳೂ ಅವಳೇ, ಬರೆಯಲು ಕಾರಣನಾದವನು ಇದೇ ತಮ್ಮ. ಎಂಟು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ, ಅವನು ಚಹಾದಂಗಡಿಯಲ್ಲಿ ಕಾಲು ಚಾಚಿ ಕೂತು ಸೋಪಿನ ಕಂಪನಿಯ ನಲವತ್ತು ಫಾರಂಗಳಿಗೆ ಏಳು, ಏಳು, ಏಳು ಎಂದು ಗೀಚಿ ತಂದಿದ್ದ. ಅಕ್ಕ ಅವನನ್ನು ಇಡೀ ಆಫೀಸಿನ ಮುಂದೆ ನಿಲ್ಲಿಸಿ ಐದು ಬೆರಳೂ ಮೂಡುವ ಹಾಗೆ ಕೆನ್ನೆಗೆ ಬಾರಿಸಿದಳು. ಸ್ವಂತ ತಮ್ಮನನ್ನೇ ಬಿಡದವಳು ನಮ್ಮನ್ನು ಬಿಟ್ಟಾಳೆಯೇ ಎಂದು ಉಳಿದವರು ಅಂದಿನಿಂದ ನೆಟ್ಟಗಾದರು. ತಮ್ಮನೂ ನೆಟ್ಟಗಾದ. ಆಮೇಲೆ ಅವನು ಒಂದು ಹಾಳೆಯಲ್ಲೂ ಸುಳ್ಳು ಬರೆದಿರಲಿಲ್ಲ, ಆದರೆ ಆ ಏಳುಗಳನ್ನು ಅಕ್ಕ ಮರೆತಿರಲಿಲ್ಲ.

ಈ ಸಲ ಅವನು ಹೋಗಿದ್ದು ಆ ದೊಡ್ಡ ಮನರಂಜನೆ ಕಂಪನಿಯ ಬಗ್ಗೆ ಕೇಳುವುದಕ್ಕೆ. ಸಿನಿಮಾ ಅವರದು, ಟಿವಿ ಚಾನೆಲ್‌ಗಳು ಅವರವು, ಮಕ್ಕಳು ಬಾಯಿ ತೆರೆದುಕೊಂಡು ನೋಡುವ ಬೊಂಬೆಯಾಟ ಅವರದು. ಮೂರು ಊರುಗಳಲ್ಲಿ ಆಟದ ಉದ್ಯಾನಗಳೂ ಇದ್ದವು. ಅಂಥ ಒಂದು ಉದ್ಯಾನದಲ್ಲಿ ಹೋದ ವರ್ಷ ಹಾರುವ ಕುರ್ಚಿಗಳ ಸರಪಳಿ ಕಿತ್ತು, ಸುತ್ತುತ್ತಿದ್ದವರು ಕುರ್ಚಿ ಸಮೇತ ನೆಲಕ್ಕಪ್ಪಳಿಸಿ ಹನ್ನೊಂದು ಜನ ಸತ್ತರು. ಎಲ್ಲರೂ ಅದೇ ಊರಿನವರು. ಕಂಪನಿ ಎರಡು ವಾರ ಬಾಗಿಲು ಮುಚ್ಚಿ, ಕಂಬಗಳಿಗೆ ಹೊಸ ಬಣ್ಣ ಬಳಿದು, ತನ್ನ ಗುರುತಾದ ನಗುವ ಬೊಂಬೆಯನ್ನು ಮುಂದೆ ನಿಲ್ಲಿಸಿ ಮತ್ತೆ ಟಿಕೆಟ್ ಕೊಡಲು ಶುರುಮಾಡಿತು. ಆ ಊರಿಗೆ ಆ ಕಂಪನಿಯ ಗುರುತು ಅಚ್ಚಾದ ಫಾರಂ ಹಿಡಿದು ಒಂಟಿಯಾಗಿ ಹೋದವನು ಈ ತಮ್ಮ.

"ಮೊದ್ಲು ಒಬ್ಬಳು ಕೊಡದಲ್ಲಿ ಹೊಡೆದ್ಲು" ಎಂದು ಹೇಳಿದ, ಅಕ್ಕ ಒದ್ದೆ ಬಟ್ಟೆಯಲ್ಲಿ ಮುಖ ಒರೆಸುತ್ತಿದ್ದಾಗ. "ತುಂಬಿದ ಕೊಡ ಅಕ್ಕ. ನಾನಿನ್ನೂ ನಮಸ್ಕಾರ ಅಂತಿದ್ದೆ."

ಆಮೇಲೆ ಬೀದಿಯೇ ಮೈಮೇಲೆ ಬಿದ್ದಿತ್ತು. ಒಬ್ಬ ಸೈಕಲ್ ಚೈನು ಬೀಸಿದ, ಇಬ್ಬರು ಚರಂಡಿಗೆ ಕೆಡವಿ ಪಕ್ಕೆಗೆ ಒದ್ದರು, ಒಬ್ಬ ಎದೆಯ ಮೇಲೆ ಕೂತು ಫಾರಂ ಮುದ್ದೆ ಮಾಡಿ ಬಾಯಿಗೆ ತುರುಕಿದ. ಹಲ್ಲು ಹೋದದ್ದು ಆಗಲೇ. ಕಡೆಗೆ ಬಿಡಿಸಿದವನು ಆ ಬೀದಿಯ ವೆಲ್ಡಿಂಗ್ ಶೆಡ್ಡಿನವನು. ನಾಲ್ಕನೆಯ ಕುರ್ಚಿಯಲ್ಲಿದ್ದ ಹತ್ತೊಂಬತ್ತು ವರ್ಷದ ಹುಡುಗಿ ಅವನ ಮಗಳು. ಅವನು ಬಿಡಿಸಿದ್ದೇನೂ ಕರುಣೆಯಿಂದಲ್ಲ. "ಸಾಯಿಸೋದಿದ್ದೇ ಇದೆ, ಏನು ಬರ್ಕೊಳ್ಳೋಕೆ ಬಂದ ಅಂತ ಮೊದ್ಲು ಕೇಳೋಣ" ಅಂದನಂತೆ.

ತಮ್ಮ ಬಾಯಿಂದ ಕಾಗದ ತೆಗೆದು, ರಕ್ತ ಉಗುಳಿ, ಕೇಳಲು ಬಂದದ್ದನ್ನು ಕೇಳಿದ. ನೀವು ಕೊಡುವ ಅಂಕ ಇಡೀ ದೇಶದ ಪಟ್ಟಿಗೆ ಸೇರುತ್ತದೆ, ಇವರ ಹೆಸರು ಎಷ್ಟು ಕೆಟ್ಟಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ ಎಂದ. ವೆಲ್ಡಿಂಗ್‌ನವನು, "ಇದು ಮೇಲಕ್ಕೆ ಮುಟ್ಟತ್ತೆ ಅನ್ನೋದಕ್ಕೆ ಏನು ಗ್ಯಾರಂಟಿ?" ಎಂದು ಕೇಳಿದ.

"ನನ್ನ ಮಾತೇ ಗ್ಯಾರಂಟಿ. ತಪ್ಪಿದ್ರೆ ಈ ಬರೆಯೋ ಕೈ ನಿಮ್ದು ಅಂದೆ" ಎಂದು ತಮ್ಮ ಬಲಗೈ ಎತ್ತಿ ತೋರಿಸಿದ. "ಆಮೇಲೆ ನೋಡಬೇಕಿತ್ತು ಅಕ್ಕ, ಶೆಡ್ಡಿನ ಮುಂದೆ ಸಾಲು. ಮೂರು ದಿನ ನಾನು ಎದ್ದಿಲ್ಲ. ಎಲ್ಲದಕ್ಕೂ ಸೊನ್ನೆ ಹಾಕಪ್ಪ ಅಂತಿದ್ರು. ನಾನು ಬಿಡ್ಲಿಲ್ಲ, ಇಪ್ಪತ್ತಮೂರೂ ಓದಿದೀನಿ, ಒಬ್ಬೊಬ್ಬರಿಗೂ."

ಅವನನ್ನು ಆಸ್ಪತ್ರೆಗೆ ಕಳಿಸಿ ಅಕ್ಕ ಕಟ್ಟು ಬಿಚ್ಚಿದಳು. ಇನ್ನೂರ ಹದಿನಾಲ್ಕು ಹಾಳೆ, ಹಾಳೆಗೆ ಇಪ್ಪತ್ತಮೂರು ಸೊನ್ನೆ, ಒಂದೂ ಆಚೀಚೆ ಇಲ್ಲ. ನಿಯಮದ ಪ್ರಕಾರ ಎಲ್ಲವೂ ಜೊಳ್ಳು. ಆದರೂ ಸತ್ತವರ ಊರು, ಸಿಟ್ಟಿರುವುದು ಸಹಜ ಎಂದು ಅವಳಿಗೂ ಅನಿಸಿತು. ಅದಕ್ಕೇ ಇನ್ನೊಂದು ಪರೀಕ್ಷೆ ಮಾಡಿದಳು. ಒಬ್ಬರಿಗೆ ಇಪ್ಪತ್ತಮೂರು ಪ್ರಶ್ನೆ ಓದಿ ಮುಗಿಸಲು ಕಾಲು ಗಂಟೆ ಬೇಕು. ಇನ್ನೂರ ಹದಿನಾಲ್ಕು ಜನರಿಗೆ ಐವತ್ತಮೂರು ಗಂಟೆಗೂ ಹೆಚ್ಚು. ಮೂರು ದಿನದಲ್ಲಿ ಅಂದರೆ ದಿನಕ್ಕೆ ಹದಿನೆಂಟು ಗಂಟೆ, ಅದೂ ಹಲ್ಲು ಮುರಿದ ಬಾಯಲ್ಲಿ. ಮನುಷ್ಯಮಾತ್ರದವನಿಗೆ ಸಾಧ್ಯವಿಲ್ಲ ಎಂದು ಲೆಕ್ಕ ಹೇಳಿತು.

ಹತ್ತರಲ್ಲೊಬ್ಬರಿಗೆ ಫೋನ್ ಮಾಡಿ ವಿಚಾರಿಸುವ ಪದ್ಧತಿಯೂ ಇತ್ತು. ಫಾರಂಗಳಲ್ಲಿ ಬರೆದಿದ್ದ ಇಪ್ಪತ್ತೊಂದು ನಂಬರಿಗೆ ಮಾಡಿದಳು. ಒಬ್ಬರೂ ಎತ್ತಲಿಲ್ಲ. ಅಪಘಾತವಾದ ಮೇಲೆ ಕಂಪನಿಯ ವಕೀಲರು, ಟಿವಿಯವರು ಪ್ರಾಣ ತಿಂದು, ಆ ಊರಿನವರು ಗುರುತಿಲ್ಲದ ನಂಬರ್ ಎತ್ತುವುದನ್ನೇ ಬಿಟ್ಟಿದ್ದಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಚಹಾದಂಗಡಿಯ ಏಳುಗಳು. ಎಲ್ಲೋ ಕುಡಿದು ಹೊಡೆದಾಡಿ ಹಲ್ಲು ಕಳೆದುಕೊಂಡು, ನಾಲ್ಕು ಜನರನ್ನು ಕೇಳಿ ಉಳಿದದ್ದನ್ನು ಲಾಡ್ಜಿನಲ್ಲಿ ಕೂತು ತುಂಬಿದ್ದಾನೆ ಎಂದು ತೀರ್ಮಾನಿಸಿದಳು. ಮತ್ತೊಮ್ಮೆ ಅವನನ್ನು ಎಲ್ಲರೆದುರು ಹೊಡೆಯುವ ಮನಸ್ಸಾಗಲಿಲ್ಲ. ಅವನಿಗೆ ಏನೂ ಹೇಳದೆ, ಹಾಳೆಗಳನ್ನು ಹಿಡಿಹಿಡಿಯಾಗಿ ಕಾಗದ ಕತ್ತರಿಸುವ ಯಂತ್ರಕ್ಕೆ ತಿನ್ನಿಸಿದಳು. ತಮ್ಮನ ಮಾನ ಉಳಿಸಿದೆ ಅಂದುಕೊಂಡಳು, ನಿಜಕ್ಕೂ ಹಾಗೇ ಅಂದುಕೊಂಡಳು.

ಮೂರು ತಿಂಗಳ ಮೇಲೆ ಪಟ್ಟಿ ಬಂತು. ಜನರ ನಂಬಿಕೆಯಲ್ಲಿ ಮನರಂಜನೆ ಕಂಪನಿಗೆ ದೇಶಕ್ಕೇ ಮೊದಲ ಸ್ಥಾನ. ಅಷ್ಟೇ ಆಗಿದ್ದರೆ ಜನ ಉಗುಳಿ ಸುಮ್ಮನಾಗುತ್ತಿದ್ದರೇನೋ. ಕೆಳಗೆ ಊರುವಾರು ಕೋಷ್ಟಕವೂ ಇತ್ತು. ಆ ಊರಿನಿಂದ ಜರಡಿ ದಾಟಿದ್ದು ಹತ್ತೊಂಬತ್ತೇ ಫಾರಂ. ಬೇರೊಬ್ಬ ಹುಡುಗ ಉದ್ಯಾನದ ಹಿಂದಿನ ಸಿಬ್ಬಂದಿ ಕ್ವಾರ್ಟರ್ಸಿನಲ್ಲಿ ಸುರಕ್ಷಿತವಾಗಿ ಕೂತು ತುಂಬಿಸಿ ತಂದವು ಅವು. ಸಂಬಳ ಕೊಡುವ ಧಣಿಯ ಬಗ್ಗೆ ಯಾರು ತಾನೇ ಕೆಟ್ಟದ್ದು ಹೇಳುತ್ತಾರೆ? ಹೀಗಾಗಿ ಹನ್ನೊಂದು ಹೆಣ ಬಿದ್ದ ಊರಿನಲ್ಲಿ ಕಂಪನಿಗೆ ಹತ್ತಕ್ಕೆ ಒಂಬತ್ತು ಪಾಯಿಂಟ್ ಒಂದು ಬಂದಿತ್ತು, ಬೇರೆ ಯಾವ ಊರಿನಲ್ಲೂ ಅಷ್ಟು ಬಂದಿರಲಿಲ್ಲ. ಕಂಪನಿ ಆ ಅಂಕವನ್ನೇ ದೊಡ್ಡದಾಗಿ ಬರೆಸಿ, ಪಕ್ಕದಲ್ಲಿ ನಗುವ ಬೊಂಬೆಯನ್ನು ಕೈಮುಗಿಸಿ ನಿಲ್ಲಿಸಿ, ಆ ಊರಿನ ಬಸ್ ನಿಲ್ದಾಣದ ಎದುರಿಗೇ ಬೋರ್ಡು ಹಾಕಿಸಿತು. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ.

ತಮ್ಮ ಪತ್ರಿಕೆ ಹಿಡಿದು ಅಕ್ಕನ ಮೇಜಿಗೆ ಬಂದ. ಎರಡು ಹಲ್ಲು ಕಟ್ಟಿಸಿಕೊಂಡಿದ್ದ, ಅವು ಇನ್ನೂ ಬಾಯಿಗೆ ಒಗ್ಗಿರಲಿಲ್ಲ.

"ಅಕ್ಕ, ನನ್ನ ಫಾರಂಗಳು ಏನಾದವು?"

ಹರಿದು ಹಾಕಿದೆ ಅನ್ನಬೇಕಿತ್ತು. ಯಾಕೆ ಎಂದು ಕೇಳುತ್ತಾನೆ, ಆಗ ನಿನ್ನ ಮೇಲೆ ನಂಬಿಕೆ ಇರಲಿಲ್ಲ ಎಂದು ಹೇಳಬೇಕಾಗುತ್ತದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಒಂದು ಗಳಿಗೆ ಕೂತು, "ನಾನು ಮೇಲಕ್ಕೆ ಕಳಿಸಿದ್ದೆ ಕಣೋ. ಮೇಲಿನೋರು ಏನು ಮಾಡಿದ್ರೋ ಗೊತ್ತಿಲ್ಲ" ಅಂದಳು.

"ನೀನು ಕಳಿಸಿದ್ಯಲ್ಲ, ಅಷ್ಟು ಸಾಕು" ಎಂದು ಅವನು ಹೋದ.

ಮಾರನೆಯ ದಿನ ಅವನ ಕುರ್ಚಿ ಖಾಲಿಯಿತ್ತು. ಹನ್ನೊಂದರ ಹೊತ್ತಿಗೆ ಅಕ್ಕನ ಮೇಜಿನ ಫೋನ್ ರಿಂಗಾಯಿತು. ಯಾರೋ ಹೆಂಗಸು. ಮೂರು ತಿಂಗಳ ಹಿಂದೆ ಈ ನಂಬರಿನಿಂದ ನನಗೆ ಫೋನ್ ಬಂದಿತ್ತು, ಬೋರ್ಡು ನೋಡಿದ ಮೇಲೆ ನೆನಪಾಯಿತು, ನೀವು ಯಾರು ಎಂದು ಕೇಳಿದಳು. ಅಕ್ಕ ಹೇಳಿದಳು.

"ಬಾಯಲ್ಲಿ ರಕ್ತ ಸುರೀತಿದ್ದೋನು, ಅವನ ಆಫೀಸಾ ಇದು?"

"ಹೌದು. ನಿಮ್ಮನ್ನೂ ಕೇಳಿದ್ನಾ ಅವನು?"

"ನಮ್ಮನೆ ಐದು ಜನಾನೂ ಕೇಳಿದ. ನಮ್ಮ ಸರದಿ ಬಂದಾಗ ಬೆಳಗಿನ ಜಾವ ನಾಲ್ಕು ಗಂಟೆ. ಸೊನ್ನೆ ಹಾಕಿ ಬಿಡಪ್ಪ, ನೀನೂ ಮಲ್ಕೋ ಅಂದೆ. ಓದದೆ ಬರೆಯಲ್ಲಮ್ಮ, ನಮ್ಮಕ್ಕ ಬೈತಾಳೆ ಅಂದ. ನಮ್ಮತ್ತೆ ಅವನ ಜೊತೆ ಜಗಳಾನೇ ಆಡಿದ್ರು." ಹೆಂಗಸಿನ ದನಿ ತಗ್ಗಿತು. "ಅವನಿಗೊಂದು ಮಾತು ಹೇಳಿ. ಈ ಕಡೆ ತಲೆ ಹಾಕೋದು ಬೇಡ. ನಮ್ಮನ್ನ ಮಾರಿದ ಅಂತ ಗಂಡಸರೆಲ್ಲ ಹುಡುಕ್ತಿದ್ದಾರೆ."

ಅಕ್ಕ ಫೋನ್ ಇಟ್ಟಳು. ತಮ್ಮನ ಫೋನಿಗೆ ಮಾಡಿದಳು, ಆಫ್ ಆಗಿತ್ತು. ಪಕ್ಕದ ಮೇಜಿನವನನ್ನು ಕೇಳಿದರೆ, "ಅವನಾ? ಆ ಊರಿಗೇ ಹೋದ್ನಲ್ಲ, ಹತ್ತು ಗಂಟೆ ಬಸ್ಸಿಗೆ. ಕೊಟ್ಟ ಮಾತಿದೆ, ಹೋಗಿ ಮುಖಾಮುಖಿ ಹೇಳಿ ಬರ್ತೀನಿ ಅಂದ" ಎಂದ. ಅಕ್ಕ ಬ್ಯಾಗನ್ನೂ ತೆಗೆದುಕೊಳ್ಳದೆ ಓಡಿದಳು.

ಬಸ್ಸಿನಲ್ಲಿ ನಾಲ್ಕು ಗಂಟೆ ದಾರಿ. ಆ ನಾಲ್ಕು ಗಂಟೆಯೂ ಅವಳು ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದಳು. ತಪ್ಪು ನನ್ನದು, ಅವನದಲ್ಲ. ಇಳಿದ ಕೂಡಲೇ, ಸಿಕ್ಕ ಮೊದಲನೆಯವನಿಗೆ ಹೇಳಿಬಿಡಬೇಕು. ಅವನ ಕೈಗೆ ಏನಾದರೂ ಆಗುವ ಮೊದಲು ಹೇಳಿಬಿಡಬೇಕು.

ಇಳಿದಾಗ ಎದುರಿಗಿನ ಬೋರ್ಡು ಉರಿದು ಮುಗಿದಿತ್ತು. ಬೊಂಬೆಯ ಅರ್ಧ ಮುಖ ಕರಕಲಾಗಿ ನೇತಾಡುತ್ತಿತ್ತು. ಉದ್ಯಾನದ ಕಾವಲುಗಾರನೊಬ್ಬ ಫುಟ್‌ಪಾತಿನ ಮೇಲೆ ಕೂತು ಒಡೆದ ತಲೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ, ಬೆರಳ ಸಂದಿಯಿಂದ ರಕ್ತ ಮೊಣಕೈಗೆ ಇಳಿಯುತ್ತಿತ್ತು. ಅಂಗಡಿಗಳ ಬಾಗಿಲು ಹಾಕಿದ್ದವು. ವೆಲ್ಡಿಂಗ್ ಶೆಡ್ಡು ಎಲ್ಲಿ ಎಂದು ಕೇಳಲು ಒಬ್ಬರೂ ಸಿಗಲಿಲ್ಲ, ಕೇಳುವ ಅಗತ್ಯವೂ ಬೀಳಲಿಲ್ಲ. ಗಲಾಟೆ ಎಲ್ಲಿಂದ ಬರುತ್ತಿತ್ತೋ ಅತ್ತ ಓಡಿದಳು.

ಶೆಡ್ಡಿನ ಮುಂದೆ ಐವತ್ತು ಅರವತ್ತು ಜನ. ಎಲ್ಲರ ಕಣ್ಣೂ ಒಳಗೇ ನೆಟ್ಟಿತ್ತು, ನಡುವೆ ನುಗ್ಗಿದವಳನ್ನು ಯಾರೂ ಗಮನಿಸಲಿಲ್ಲ. ಅವಳು ಬಾಗಿಲಿಗೆ ಬಂದು ನಿಂತಳು. ಒಳಗೆ ತಮ್ಮ ಮಂಡಿಯೂರಿದ್ದ. ಒಬ್ಬ ಅವನ ಕೂದಲು ಹಿಡಿದಿದ್ದ, ಇಬ್ಬರು ಅವನ ಬಲಗೈಯನ್ನು ಚಾಚಿ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಅದುಮಿ ಹಿಡಿದಿದ್ದರು. ಅಂಗಿ ಹರಿದು, ಬೆನ್ನಿನ ಉದ್ದಕ್ಕೂ ಬಾಸುಂಡೆ ಎದ್ದು ರಕ್ತ ಜಿನುಗುತ್ತಿತ್ತು. ವೆಲ್ಡಿಂಗ್‌ನವನು ಸುತ್ತಿಗೆ ಹಿಡಿದು ನಿಂತಿದ್ದ. ವಯಸ್ಸಾದವನು, ಸಣಕಲ, ತೋಳು ಮಾತ್ರ ದಪ್ಪ. ಅವನ ಕಣ್ಣಲ್ಲಿ ನೀರಿತ್ತು.

"ಕೊನೇ ಸಲ ಕೇಳ್ತೀನಿ. ನಮ್ಮ ಸೊನ್ನೆಗಳನ್ನ ಎಷ್ಟಕ್ಕೆ ಮಾರ್ದೆ?"

"ಮಾರಿಲ್ಲಣ್ಣ" ಎಂದ ತಮ್ಮ. "ಮೇಲಿನೋರು ಏನೋ ಮಾಡಿದ್ದಾರೆ. ನಮ್ಮಕ್ಕನ ಕೈಗೇ ಕೊಟ್ಟಿದ್ದೆ, ಅವಳೇ ಮೇಲಕ್ಕೆ ಕಳಿಸಿದ್ದಾಳೆ. ಅವಳು ಸುಳ್ಳು ಹೇಳಲ್ಲ."

ಹಾಗೆ ಹೇಳುತ್ತಾ ತಲೆ ಹೊರಳಿಸಿದ, ಬಾಗಿಲಲ್ಲಿ ನಿಂತವಳನ್ನು ಕಂಡ. ಅವನ ಒಂದು ಕಣ್ಣು ಊದಿದ್ದರೂ ಇನ್ನೊಂದು ಚೆನ್ನಾಗಿ ತೆರೆದಿತ್ತು. ಅಕ್ಕನ ಕಣ್ಣಿಗೆ ಕಣ್ಣು ಸೇರಿತು.

ಒಂದೇ ವಾಕ್ಯ. ನಾಲ್ಕು ಗಂಟೆ ಬಾಯಿಪಾಠ ಮಾಡಿದ್ದು. ಸುತ್ತಿಗೆ ಮೇಲೇರಿತು, ಅಕ್ಕ ಅದನ್ನು ನೋಡಿದಳು, ಅದರ ಕೆಳಗೆ ತಮ್ಮನ ಕೈಯ ಜಾಗದಲ್ಲಿ ತನ್ನ ಕೈಯನ್ನು ಕಂಡಳು. ಹೆದರಿಕೆ ಅಂದರೆ ಏನೆಂದು ಅವಳಿಗೆ ಆವರೆಗೆ ತಿಳಿದಿರಲಿಲ್ಲ. ಮುದುಕ ಸುಮ್ಮನೆ ಹೆದರಿಸುತ್ತಿದ್ದಾನೆ, ಹೊಡೆಯುವುದಿಲ್ಲ, ಹೊಡೆಯಲಾರ ಎಂದು ಮನಸ್ಸು ಹೇಳಿತು. ಅವಳು ಅದನ್ನು ನಂಬಿದಳು.

ಸುತ್ತಿಗೆ ಬಿತ್ತು.

ತಮ್ಮ ಕಿರುಚಲಿಲ್ಲ, ಹೊಟ್ಟೆಯಿಂದ ಏನೋ ಕಿತ್ತು ಬಂದ ಹಾಗೆ ಒಂದು ಸದ್ದು ಮಾಡಿದ. ಮೂರು ಬೆರಳು ಕಬ್ಬಿಣದ ಮೇಲೆ ಚಪ್ಪಟೆಯಾಗಿ, ಉಗುರು ಹಾರಿ, ಬಿಳಿ ಎಲುಬು ಕಾಣಿಸಿತು. ವೆಲ್ಡಿಂಗ್‌ನವನು ಎರಡನೆಯ ಸಲ ಸುತ್ತಿಗೆ ಎತ್ತಿದ.

"ನಾನು" ಎಂದಳು ಅಕ್ಕ. "ನಾನೇ. ಅವನ ಅಕ್ಕ ನಾನು. ಫಾರಂಗಳನ್ನ ಹರಿದು ಹಾಕಿದ್ದು ನಾನು, ಅವನಿಗೇನೂ ಗೊತ್ತಿಲ್ಲ."

ಸುತ್ತಿಗೆ ಮೇಲೆಯೇ ನಿಂತಿತು.

"ಯಾಕೆ?" ಎಂದ ವೆಲ್ಡಿಂಗ್‌ನವನು.

"ಎಲ್ಲದರಲ್ಲೂ ಒಂದೇ ಅಂಕ ಇತ್ತು. ಒಂದೇ ಅಂಕ ಇದ್ರೆ ಸುಳ್ಳು ಅಂತ ನಾವು ತೆಗೆದು ಹಾಕ್ತೀವಿ. ಇವನೇ ಕೂತು ತುಂಬಿದ್ದಾನೆ ಅಂದ್ಕೊಂಡೆ."

ಮುದುಕ ಅವಳನ್ನು ಅರ್ಥವಾಗದವನ ಹಾಗೆ ನೋಡಿದ. "ಹನ್ನೊಂದು ಜನಾನೂ ಒಂದೇ ಸಲಕ್ಕೆ ಬಿದ್ದು ಸತ್ತರಮ್ಮ. ಬೇರೆ ಬೇರೆ ಅಂಕ ಎಲ್ಲಿಂದ ತರಬೇಕಿತ್ತು ನಾವು?"

ಹಿಂದಿನಿಂದ ಒಬ್ಬಳು ಅಕ್ಕನ ಜಡೆ ಹಿಡಿದೆಳೆದು ಬಾಗಿಲ ಚೌಕಟ್ಟಿಗೆ ತಲೆ ಅಪ್ಪಳಿಸಿದಳು. ಇನ್ನೊಬ್ಬಳ ಹೊಡೆತ ಮೂಗಿನ ಮೇಲೆ ಬಿತ್ತು, ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು. ಬಿದ್ದವಳ ಹೊಟ್ಟೆಗೆ ಯಾರದೋ ಕಾಲು. ಅವಳು ಕೈ ಅಡ್ಡ ಹಿಡಿಯಲಿಲ್ಲ, ಇದು ತನಗೆ ಬರಬೇಕಾದದ್ದೇ ಎಂದು ಬಿದ್ದಿದ್ದಳು. ಹೊಡೆತಗಳು ನಿಂತಿದ್ದು ವೆಲ್ಡಿಂಗ್‌ನವನು ಜನರನ್ನು ಸೀಳಿಕೊಂಡು ಬಂದಾಗ. ಅವನು ಸುತ್ತಿಗೆ ಹಿಡಿದುಕೊಂಡೇ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಒಂದು ಮಾತು ನಿಜ ಹೇಳು. ನಾನು ಹೊಡೆಯೋವಾಗ ನೀನು ಇಲ್ಲೇ ನಿಂತಿದ್ಯಾ? ತಪ್ಪಿಲ್ಲದೋನ ಕೈ ಮುರಿದಿದೀನಿ ನಾನು. ನಿನ್ನ ಒಂದು ಮಾತಿಗೆ ನಿಲ್ತಿದ್ದೆ. ಕಣ್ಣಾರೆ ನೋಡ್ತಾ ನಿಂತಿದ್ಯಾ?"

ಹೌದು ಅಂದರೆ ಆ ಸುತ್ತಿಗೆ ತನ್ನ ತಲೆಗೆ ಎಂದು ಅಕ್ಕನಿಗೆ ಗೊತ್ತಿತ್ತು. ಸುತ್ತ ನಿಂತವರಿಗೂ ಗೊತ್ತಿತ್ತು. ಅವರೆಲ್ಲ ಆಗ ತಮ್ಮನನ್ನೇ ನೋಡುತ್ತಿದ್ದವರು, ಬಾಗಿಲ ಕಡೆ ನೋಡಿದವರು ಯಾರೂ ಇರಲಿಲ್ಲ. ಅವಳ ಬಾಯಿ ರಕ್ತದಿಂದ ತುಂಬಿತ್ತು. ಅಡಿಗಲ್ಲಿನ ಬುಡದಲ್ಲಿ ತಮ್ಮ ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವನ ತೆರೆದ ಕಣ್ಣು ಅಕ್ಕನ ಮೇಲಿತ್ತು, ಸುತ್ತಿಗೆ ಬೀಳುವ ಮೊದಲು ಇದ್ದ ಹಾಗೆಯೇ.

"ಈಗ ಬಂದ್ಲು" ಎಂದ ತಮ್ಮ.

ಮುದುಕ ಅವನತ್ತ ತಿರುಗಿದ.

"ನೀವು ಹೊಡೆದ ಮೇಲೆ ಬಂದ್ಲು ಅಣ್ಣ. ನಾನು ನೋಡ್ದೆ."

ಮುದುಕ ಬಹಳ ಹೊತ್ತು ಅವನ ಮುಖವನ್ನೇ ನೋಡಿದ. ಆಮೇಲೆ ಸುತ್ತಿಗೆಯನ್ನು ನೆಲಕ್ಕೆ ಹಾಕಿ, ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಯಾರಿಗೋ ಹೇಳಿದ. ಶೆಡ್ಡಿನಲ್ಲಿದ್ದವರೆಲ್ಲ ತಮ್ಮನ ಮಾತನ್ನು ನಂಬಿದರು. ಅಕ್ಕ ಬಾಯಿ ತೆರೆಯಲಿಲ್ಲ.